ಹಿರಿಯರ ಸೈಕಲ್ಲನ್ನು ಮತ್ತೆ ಓಡಿಸುವ ಬಗೆ

ಚುಂಚನಕಟ್ಟೆಯ ಸುತ್ತಿನ ಹಳ್ಳಿಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಅಟ್ಟದ ಮೇಲೋ ಹಳೆಯ ಕಪ್ಪು ಸೈಕಲ್ಲೊಂದನ್ನು ಇಟ್ಟುಕೊಂಡಿರುವ ಮನೆಗಳು ಇನ್ನೂ ಉಂಟು. ಗುಜರಿಯವನು ಬಂದು ತಕ್ಕಡಿ ಹಿಡಿದಾಗ ಮನೆಯ ಹುಡುಗರು ಕೊಟ್ಟುಬಿಡೋಣವೆನ್ನುತ್ತಾರೆ. ಒಳಗಿನಿಂದ ಅಜ್ಜಿ ಬಂದು ಅಡ್ಡ ನಿಲ್ಲುತ್ತಾರೆ. ಆ ಸೈಕಲ್ಲಿನಲ್ಲಿ ಅಜ್ಜ ಕೃಷ್ಣರಾಜನಗರದ ಸಂತೆಗೆ ಹೋಗಿಬಂದಿದ್ದಾರೆ, ಸಂಕ್ರಾಂತಿಯ ದನಗಳ ಜಾತ್ರೆಗೆ ಮಕ್ಕಳನ್ನು ಕಂಬಿಯ ಮೇಲೆ ಕೂರಿಸಿಕೊಂಡು ಬಂದಿದ್ದಾರೆ. ಮಾರಲು ಮನಸ್ಸಿಲ್ಲ, ಓಡಿಸಲು ಆಗುವುದಿಲ್ಲ. ಹೀಗೆ ವರ್ಷಗಳು ಕಳೆದು ತುಕ್ಕು ಮಾತ್ರ ಬೆಳೆಯುತ್ತದೆ. ಅಂಥ ಸೈಕಲ್ಲನ್ನು ಮತ್ತೆ ರಸ್ತೆಗೆ ತರುವುದು ಹೇಗೆ, ಯಾವುದನ್ನು ಉಳಿಸಬೇಕು, ಯಾವುದನ್ನು ಉಳಿಸಕೂಡದು ಎಂಬುದನ್ನು ಇಲ್ಲಿ ತಿಳಿಸಿದೆ.

ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದ ಸೈಕಲ್ಲುಗಳು ಸ್ವಾತಂತ್ರ್ಯದ ತರುವಾಯ ನಮ್ಮಲ್ಲೇ ಹೆಚ್ಚಾಗಿ ತಯಾರಾಗತೊಡಗಿದವು. ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ ಸ್ಥಾಪನೆಯಾಗಿ ಹರ್ಕ್ಯುಲಿಸ್ ಸೈಕಲ್ಲನ್ನು ತಯಾರಿಸಿತು. ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಆರಂಭವಾದವು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕರು ಹಳ್ಳಿಯಿಂದ ಹಳ್ಳಿಗೆ ತಿರುಗಿದ್ದೂ ಬಹುಮಟ್ಟಿಗೆ ಇಂಥ ಸೈಕಲ್ಲಿನ ಮೇಲೆಯೇ. ಇವುಗಳ ತೂಕ ಇಪ್ಪತ್ತು ಕಿಲೋ ಹತ್ತಿರ. ಉಕ್ಕಿನ ಕೊಳವೆಗಳನ್ನು ಮೂಲೆಗಳಲ್ಲಿ ಹಿತ್ತಾಳೆ ಬೆಸುಗೆಯಿಂದ ಕೂಡಿಸಿರುತ್ತಾರೆ. ಪ್ರತಿಯೊಂದು ಭಾಗವನ್ನೂ ಬಿಚ್ಚಬಹುದು. ಅದೇ ಅಳತೆಯ ಟೈರು, ಚೈನು, ಬೇರಿಂಗ್ ಗುಂಡುಗಳು ಈಗಲೂ ನಮ್ಮ ದೇಶದಲ್ಲಿ ತಯಾರಾಗುತ್ತಿವೆ. ಅರವತ್ತು ವರ್ಷದ ಯಂತ್ರವೊಂದಕ್ಕೆ ಇಂಥ ಅನುಕೂಲ ಅಪರೂಪ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಾತು. ಬಣ್ಣವನ್ನು ಮುಟ್ಟಬೇಡಿ. ನಮ್ಮ ತಂದೆಯವರ ಸೈಕಲ್ಲನ್ನು ನಾನು ಉತ್ಸಾಹದಲ್ಲಿ ಒಂದು ಅಂಗಡಿಗೆ ಕೊಟ್ಟು, ಹೊಸದರಂತೆ ಮಾಡಿಕೊಡಿ ಎಂದೆ. ಅವರು ಹೇಳಿದಂತೆಯೇ ಮಾಡಿದರು. ಉಪ್ಪುಕಾಗದದಲ್ಲಿ ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹೊಡೆದರು. ಚೈನ್ ಕವರಿನ ಮೇಲೆ ತಂದೆಯವರು ಜಾತ್ರೆಯಲ್ಲಿ ಬರೆಸಿದ್ದ ಹೆಸರು ಅದರ ಕೆಳಗೆ ಹೋಯಿತು. ನಮ್ಮ ತಾಯಿ ಸೈಕಲ್ಲನ್ನು ನೋಡಿ, ‘ಚೆನ್ನಾಗಿದೆ, ಯಾರದಪ್ಪಾ ಇದು?’ ಎಂದರು. ಅಂದಿನಿಂದ ಯಾರು ಕೇಳಿದರೂ, ಮೊದಲು ಒದ್ದೆ ಬಟ್ಟೆ, ಸಾಬೂನು ನೀರು, ಆಮೇಲೆ ಉಳಿದದ್ದು ಎಂದೇ ಹೇಳುತ್ತೇನೆ. ಮಣ್ಣು ಜಿಡ್ಡು ಹೋದ ಮೇಲೆ ಚಿನ್ನದ ಗೆರೆಗಳು, ಮುಂಭಾಗದ ಕಂಪನಿ ಬಿಲ್ಲೆ, ಯಾರೋ ಬರೆಸಿದ ಅಕ್ಷರ ಎಲ್ಲವೂ ನಿಮಗೇ ಕಾಣುತ್ತವೆ.

ತೊಳೆದ ಸೈಕಲ್ಲನ್ನು ಬೆಳಕಿನಲ್ಲಿ ನಿಲ್ಲಿಸಿ ಪರೀಕ್ಷಿಸಿ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಮೇಲಿನ ಕಂಬಿಯೂ ಕೆಳಗಿನ ಕಂಬಿಯೂ ಬಂದು ಸೇರುವ ಜಾಗದ ಅಡಿಯಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಉಬ್ಬು ಸಿಕ್ಕಿದರೆ, ಬಣ್ಣ ಸುಕ್ಕುಗಟ್ಟಿದ್ದರೆ, ಆ ಸೈಕಲ್ಲು ಎಂದೋ ಎತ್ತಿನ ಗಾಡಿಗೋ ಗೋಡೆಗೋ ಗುದ್ದಿದೆ ಎಂದು ತಿಳಿಯಿರಿ. ಫ್ರೇಮು ಸೊಟ್ಟಗಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂದಿನ ಗಾಲಿ ತೆಗೆದು, ಅದರ ಆಕ್ಸಲ್ ಕೂರುವ ಒಂದು ಬದಿಯ ಸೀಳಿಗೆ ದಾರ ಕಟ್ಟಿ, ಹ್ಯಾಂಡಲ್ ಕೊಳವೆಯನ್ನು ಮುಂದಿನಿಂದ ಬಳಸಿ, ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ತಂದು ಕಟ್ಟಿ. ಸೀಟಿನ ಕೊಳವೆಗೂ ಎರಡು ಬದಿಯ ದಾರಕ್ಕೂ ಇರುವ ಅಂತರ ಒಂದೇ ಆಗಿರಬೇಕು. ಸ್ವಲ್ಪ ಸೊಟ್ಟಗಿದ್ದರೆ ಅನುಭವಸ್ಥ ಮೇಸ್ತ್ರಿ ಸರಿಮಾಡಬಲ್ಲ. ಆದರೆ ಮುಂದಿನ ಫೋರ್ಕಿನಲ್ಲಿ ಬಿರುಕು ಕಂಡರೆ ಯಾವ ಮೋಹವನ್ನೂ ಇಟ್ಟುಕೊಳ್ಳಬೇಡಿ, ಫೋರ್ಕನ್ನೇ ಬದಲಾಯಿಸಿ. ಓಡುತ್ತಿರುವಾಗ ಫೋರ್ಕು ಮುರಿದರೆ ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ಫ್ರೇಮಿನ ಬಿರುಕಿಗೆ ಕರೆಂಟ್ ವೆಲ್ಡಿಂಗ್ ಮಾಡಿಸುವುದೂ ತಪ್ಪು. ಅದು ತೆಳುವಾದ ಕೊಳವೆಯನ್ನು ಸುಟ್ಟು ಪಕ್ಕದಲ್ಲೇ ಇನ್ನೊಂದು ಬಿರುಕಿಗೆ ದಾರಿ ಮಾಡುತ್ತದೆ. ಗ್ಯಾಸಿನ ಹಿತ್ತಾಳೆ ಬೆಸುಗೆಯೇ ತಕ್ಕದ್ದು.

ಬಿಚ್ಚುವಾಗ ಅವಸರ ಕೂಡದು. ಎಲ್ಲ ನಟ್ಟು ಬೋಲ್ಟುಗಳಿಗೂ ಸೀಮೆಎಣ್ಣೆ ಅಥವಾ ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟು, ಎರಡು ದಿನ ಕಾಯಿರಿ. ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಇದು ತಿಳಿಯದೆ ಕ್ರ್ಯಾಂಕನ್ನೇ ಕೆಡಿಸಿದವರು ಬಹಳ. ಕ್ರ್ಯಾಂಕನ್ನು ಹಿಡಿದಿರುವ ಕಾಟರ್ ಪಿನ್ನು ಇನ್ನೂ ಮೊಂಡು. ಅದರ ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಯ ಸಮಕ್ಕೆ ತಂದು ನಿಲ್ಲಿಸಿ. ಕ್ರ್ಯಾಂಕಿನ ಅಡಿಗೆ ದಪ್ಪನೆಯ ಕಬ್ಬಿಣದ ಕೊಳವೆಯ ಆಸರೆ ಕೊಟ್ಟು, ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು ಹಾಕಿ. ಆಸರೆಯಿಲ್ಲದೆ ಹತ್ತು ಸಣ್ಣ ಪೆಟ್ಟು ಹಾಕಿದರೆ ಪಿನ್ನು ಬಾಗುತ್ತದೆ, ಒಳಗಿನ ಗುಂಡಿನ ಬಟ್ಟಲಿಗೂ ಪೆಟ್ಟು ಬೀಳುತ್ತದೆ.

ಈ ಬಟ್ಟಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಹಳೆಯ ರ‍್ಯಾಲಿ ಸೈಕಲ್ಲುಗಳಲ್ಲಿ ಕ್ರ್ಯಾಂಕಿನ ಬಟ್ಟಲಿಗೆ ಅಂಗುಲಕ್ಕೆ 26 ಸುತ್ತಿನ ತಿರುಪು ಉಂಟು. ಸಾಮಾನ್ಯವಾಗಿ ಸಿಗುವ ಬಟ್ಟಲಿಗೆ 24 ಸುತ್ತು. ನೋಡಲು ಎರಡೂ ಒಂದೇ. ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ತಿರುಪೇ ಹಾಳಾಗಿ, ಮತ್ತೆ ಸರಿಮಾಡುವುದು ಬಹಳ ಕಷ್ಟವಾಗುತ್ತದೆ. ಹಳೆಯ ಬಟ್ಟಲು ನುಣುಪಾಗಿದ್ದರೆ ಅದನ್ನೇ ಇಟ್ಟುಕೊಂಡು ಗುಂಡುಗಳನ್ನು ಮಾತ್ರ ಬದಲಾಯಿಸಿ. ಬಲಗಡೆಯ ಬಟ್ಟಲನ್ನು ಬಿಚ್ಚಲೇ ಬೇಡಿ, ಇದ್ದಲ್ಲಿಯೇ ಒರೆಸಿ. ಕ್ರ್ಯಾಂಕಿಗೆ ಕಾಲಂಗುಲದ ಗುಂಡುಗಳು ಬದಿಗೆ 11, ಹಿಂದಿನ ಗಾಲಿಗೆ ಅದೇ ಅಳತೆಯವು ಬದಿಗೆ 9, ಮುಂದಿನ ಗಾಲಿಗೆ 3/16 ಅಂಗುಲದವು ಬದಿಗೆ 10 ಹಿಡಿಯುವುದು ವಾಡಿಕೆ. ಬಿಚ್ಚುವಾಗ ಎಣಿಸಿಕೊಳ್ಳಿ. ಹಳೆಯ ಗುಂಡುಗಳ ಜೊತೆ ಹೊಸವನ್ನು ಬೆರೆಸಕೂಡದು. ದಪ್ಪವಾಗಿರುವ ಹೊಸವೇ ಭಾರವನ್ನೆಲ್ಲ ಹೊತ್ತು ಬೇಗ ಒಡೆಯುತ್ತವೆ. ಗ್ರೀಸು ತುಂಬಿ ಕೋನುಗಳನ್ನು ಬಿಗಿ ಮಾಡಿದ ಮೇಲೆ ಗಾಲಿಯನ್ನು ಎತ್ತಿ ಹಿಡಿಯಿರಿ. ಗಾಳಿ ಹಾಕುವ ವಾಲ್ವಿನ ಭಾರಕ್ಕೇ ಅದು ತಾನಾಗಿ ತಿರುಗಿ, ವಾಲ್ವು ಕೆಳಗೆ ಬಂದು ನಿಂತರೆ, ಪಕ್ಕಕ್ಕೆ ಅಲ್ಲಾಡದಿದ್ದರೆ, ಬಿಗಿ ಸರಿಯಾಗಿದೆ.

ಸಾಮಾನ್ಯವಾಗಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಸ್ಪೋಕ್ ಕಡ್ಡಿಗಳಿರುತ್ತವೆ. ತುಕ್ಕಿನಿಂದ ಸಣ್ಣಗಾದವನ್ನು ಬದಲಾಯಿಸಿ ಬೆಂಡು ತೆಗೆಸಿ. ಟೈರಿನ ಅಳತೆ 28 ಗುಣಿಸು ಒಂದೂವರೆ ಅಂಗುಲ. ಬಿರುಕುಬಿಟ್ಟ ಹಳೆಯ ಟೈರನ್ನು ನೆನಪಿಗೆಂದು ಇಟ್ಟುಕೊಂಡರೂ ಗಾಲಿಗೆ ಹಾಕಬೇಡಿ. ಚೈನನ್ನು ಅಳೆಯಬೇಕು: ಒಂದು ಪಿನ್ನಿನ ನಡುವಿನಿಂದ 25ನೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಅಂಗುಲ. ಅದು ಅಂಗುಲದ ಎಂಟನೆಯ ಒಂದು ಭಾಗ ಬೆಳೆದಿದ್ದರೆ ಚೈನನ್ನು ಬದಲಾಯಿಸಿ, ಫ್ರೀವೀಲಿನ ಹಲ್ಲನ್ನೂ ನೋಡಿ. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಆ ಜಾಗ ಸವೆದು ತೆಳುವಾಗಿದ್ದರೆ ರಿಮ್ಮನ್ನು ಬಿಡಬೇಕು. ಹೊಸ ರಬ್ಬರು ಹಾಕಿದರೂ ಮಳೆಯಲ್ಲಿ ಈ ಬ್ರೇಕು ಬೇಗ ಹಿಡಿಯುವುದಿಲ್ಲ. ಧನುಷ್ಕೋಟಿ ನೋಡಲು ಬರುವ ಕಾರುಗಳ ನಡುವೆ ಮಳೆಗಾಲದಲ್ಲಿ ಮಗುವನ್ನು ಕಳುಹಿಸುವ ಮುನ್ನ ಇದನ್ನು ಯೋಚಿಸಿ.

ತುಕ್ಕಿಗೆ ಈಗ ಬರೋಣ. ರಿಮ್ಮು, ಹ್ಯಾಂಡಲುಗಳ ಮೇಲಿನ ಕ್ರೋಮಿಗೆ ಚಾಕೊಲೇಟು ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ತುಕ್ಕು ಹೋಗಿ ಹೊಳಪು ಉಳಿಯುತ್ತದೆ. ಸಣ್ಣ ನಟ್ಟುಗಳನ್ನು ಗಟ್ಟಿ ಹುಣಿಸೆ ರಸದಲ್ಲಿ ಒಂದು ರಾತ್ರಿ ನೆನೆಸಿ, ಅಡಿಗೆ ಸೋಡದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಗುಂಡು, ಸ್ಪ್ರಿಂಗುಗಳನ್ನು ಮಾತ್ರ ಹುಳಿಯಲ್ಲಿ ಹಾಕಬೇಡಿ. ಬಣ್ಣ ಹೋಗಿ ಕಬ್ಬಿಣ ಕಾಣುವ ಕಡೆ ಅಷ್ಟಕ್ಕೇ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಎನಾಮೆಲ್, ಸಣ್ಣ ಕುಂಚದಲ್ಲಿ ಸಾಕು. ಸೀಟಿನ ಕೊಳವೆಯೊಳಗೆ ಸ್ವಲ್ಪ ಎಣ್ಣೆ ಸುರಿದು ಫ್ರೇಮನ್ನು ಎಲ್ಲ ಕಡೆಗೂ ಹೊರಳಿಸಿ. ಹೊರಗೆ ಕಾಣದ ತುಕ್ಕು ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ಚರ್ಮದ ಸೀಟನ್ನು ಎಣ್ಣೆಯಲ್ಲಿ ನೆನೆಸಿದರೆ ಜೋತುಬೀಳುತ್ತದೆ. ಅಡಿಯಿಂದ ತೆಳುವಾಗಿ ಸವರಿ, ಮೂತಿಯಲ್ಲಿರುವ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿದರೆ ಸಾಕು.

ಖರ್ಚಿನ ವಿಷಯದಲ್ಲಿ ಮನೆಯವರೆಲ್ಲ ಮೊದಲೇ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು. ಟೈರು, ಟ್ಯೂಬು, ಚೈನು, ಗುಂಡು, ಕೂಲಿ ಎಲ್ಲ ಸೇರಿ ಹೊಸ ಸೈಕಲ್ಲಿನ ಬೆಲೆಗೆ ಸಮೀಪ ಬಂದರೂ ಬರಬಹುದು. ಉಳಿತಾಯಕ್ಕಾಗಿ ಮಾಡುವ ಕೆಲಸ ಇದಲ್ಲ. ಫ್ರೇಮು ರಿಪೇರಿಗೆ ಮೀರಿದ್ದರೆ ಅದನ್ನು ತೊಳೆದು, ಎಣ್ಣೆ ಸವರಿ, ಜಗಲಿಯಲ್ಲಿ ನಿಲ್ಲಿಸಿಕೊಳ್ಳಿ, ಯಾರನ್ನೂ ಹತ್ತಿಸಬೇಡಿ.

ಕೊನೆಯದಾಗಿ, ಸೀಟನ್ನು ತೆಗೆಯುವ ಮೊದಲು ಅದರ ಕಂಬಿ ಕೊಳವೆಯೊಳಗೆ ಎಷ್ಟು ಇಳಿದಿತ್ತೆಂದು ಒಂದು ಗೀರು ಹಾಕಿಕೊಳ್ಳಿ. ನಮ್ಮ ಸೈಕಲ್ಲಿನಲ್ಲಿ ನಾನು ಅದೊಂದನ್ನು ಮರೆತಿರಲಿಲ್ಲ. ಈಗ ಅದನ್ನು ಓಡಿಸುವ ನನ್ನ ಮಗ ಇನ್ನೂ ಗಿಡ್ಡ. ಸೀಟು ಆ ಗೀರಿಗಿಂತ ಎರಡು ಬೆರಳು ಕೆಳಗಿದೆ. ತಿಂಗಳಿಗೊಮ್ಮೆ ಚೈನಿಗೆ ಎಣ್ಣೆ ಬಿಡುವಾಗ ಅವನು ಪಕ್ಕದಲ್ಲಿ ನಿಂತು ಅದನ್ನೇ ಅಳೆಯುತ್ತಾನೆ.