ಮಳೆ ಬಂದರೆ ಆಟ ಶುರು

ಬೇರೆ ಊರುಗಳಲ್ಲಿ ಮೋಡ ಕವಿದರೆ ಕ್ರಿಕೆಟಿಗರು ಕಿಟ್ ಕಟ್ಟಿಡುತ್ತಾರೆ. ಮುಂಬೈಯವರು ಬಿಚ್ಚುತ್ತಾರೆ. ಪಾರ್ಸಿ ತಂಡದ ಬ್ಯಾಟ್ಸ್‌ಮನ್ ಡಾ. ಹೊರ್ಮಸ್‌ಜಿ ಕಾಂಗಾ ಅವರ ಹೆಸರಿನಲ್ಲಿ 1948ರಲ್ಲಿ ಶುರುವಾದ ಕಾಂಗಾ ಲೀಗ್ ನಡೆಯುವುದೇ ಮಳೆಗಾಲದಲ್ಲಿ. 'ಎ'ಯಿಂದ 'ಜಿ'ವರೆಗೆ ಏಳು ಡಿವಿಜನ್; ಒಂದೇ ದಿನದ ಮ್ಯಾಚು, ಹೆಚ್ಚಾಗಿ ಭಾನುವಾರ. ಎಷ್ಟೋ ಭಾನುವಾರಗಳು ನೀರುಪಾಲಾಗುತ್ತವೆ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಆಟದ ಸ್ವಾರಸ್ಯವೆಲ್ಲ ಪಿಚ್ಚಿನಲ್ಲಿದೆ. ಹೊದಿಕೆ ಇಲ್ಲದೆ ರಾತ್ರಿಯೆಲ್ಲ ನೆನೆದ ನೆಲ. ಬೆಳಿಗ್ಗೆ ಚೆಂಡು ನಿಧಾನಕ್ಕೆ ಬರುತ್ತದೆ. ಮಧ್ಯಾಹ್ನ ತುಸು ಬಿಸಿಲು ಬಿದ್ದು ಮೇಲ್ಪದರ ಒಣಗತೊಡಗಿದಾಗಲೇ ಅಪಾಯ. ಒಂದು ಚೆಂಡು ಕೆಸರಿಗೆ ಅಂಟಿ ನಿಂತಂತಾಗುತ್ತದೆ, ಅದೇ ಜಾಗಕ್ಕೆ ಬಿದ್ದ ಮುಂದಿನದು ಗಲ್ಲಕ್ಕೆ ಹಾರುತ್ತದೆ. ಔಟ್‌ಫೀಲ್ಡಿನಲ್ಲಿ ಹುಲ್ಲು ಪಾದ ಮುಚ್ಚುವಷ್ಟು ಬೆಳೆದಿರುತ್ತದೆ. ಕೋಚ್ ಕಲಿಸಿದ ಕವರ್ ಡ್ರೈವನ್ನು ಎಷ್ಟು ಚೆಂದವಾಗಿ ಹೊಡೆದರೂ ಚೆಂಡು ಹತ್ತು ಗಜದಲ್ಲಿ ಮಲಗುತ್ತದೆ. ರನ್ ಬೇಕೆಂದರೆ ಎತ್ತಿ ಹೊಡೆಯಬೇಕು, ಎತ್ತಿದರೆ ಕ್ಯಾಚು. ಇಲ್ಲಿ ಹೊಡೆದ ಮೂವತ್ತು ರನ್ನಿಗೆ ಹಳಬರು ಬೇರೆಡೆಯ ಶತಕದ ಬೆಲೆ ಕಟ್ಟುತ್ತಾರೆ.

ಆಜಾದ್ ಮೈದಾನದಲ್ಲಂತೂ ಇನ್ನೊಂದು ಮಜಾ. 22 ಪಿಚ್‌ಗಳು ಒತ್ತೊತ್ತಾಗಿರುವ ಆ ಬಯಲಲ್ಲಿ ಒಂದು ಮ್ಯಾಚಿನ ಬೌಂಡರಿ ಇನ್ನೊಂದರ ಮಿಡ್‌ವಿಕೆಟ್. ನಿಮ್ಮ ಪಕ್ಕದಲ್ಲೇ ನಿಂತ ಫೀಲ್ಡರ್ ಬೇರೆ ಯಾವುದೋ ಆಟದವನಾಗಿರಬಹುದು.

ಬಾಂಬೆ 1958-59ರಿಂದ ಸತತ 15 ಸಲ ರಣಜಿ ಗೆದ್ದಿತಲ್ಲ, ಆ ಖಡೂಸ್ (ಹಟಮಾರಿ) ಬ್ಯಾಟಿಂಗಿಗೆ ಕಾಂಗಾ ಲೀಗೇ ಕಾರಣ ಎನ್ನುವವರು ಬಹಳ. ನನಗೆ ಪೂರ್ತಿ ನಂಬಿಕೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನಡೆದುಬಂದ ಹ್ಯಾರಿಸ್ ಶೀಲ್ಡ್‌ನಂಥ ಶಾಲಾ ಪಂದ್ಯಗಳಿಗೆ, ಆಟಗಾರರಿಗೆ ಕೆಲಸ ಕೊಟ್ಟ ಬ್ಯಾಂಕು, ಕಂಪನಿಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ಬಾಂಬೆಯ ಸರಪಳಿಯನ್ನು 1974ರ ಸೆಮಿಫೈನಲ್‌ನಲ್ಲಿ ಕಡಿದ ನಮ್ಮ ವಿಶ್ವನಾಥ್, ಪ್ರಸನ್ನ ಅವರ ಕಾಲದ ಬೆಂಗಳೂರಿನ ಕ್ಲಬ್ ಆಟ ಮ್ಯಾಟಿಂಗ್ ಮೇಲೆ ಬೆಳೆದದ್ದು. ಅವರಿಗೆ ಕೆಸರಿನ ಪಾಠ ಬೇಕಾಗಲಿಲ್ಲ.

ಕಾಂಗಾದ ನಿಜವಾದ ಹೆಚ್ಚುಗಾರಿಕೆ ಬೇರೆ. ಗಾವಸ್ಕರ್ ದಾದರ್ ಯೂನಿಯನ್ ಪರ ಇದೇ ಕೆಸರಲ್ಲಿ ಆಡಿದರು. ವಾರವಿಡೀ ಲೆಡ್ಜರ್ ಬರೆದ ಗುಮಾಸ್ತನೊಬ್ಬ ಭಾನುವಾರ ಅವರಿಗೆ ಬೌಲ್ ಮಾಡಬಹುದಿತ್ತು, ಪಿಚ್ ದಯೆ ತೋರಿದರೆ ವಿಕೆಟ್ಟನ್ನೂ ಕೀಳಬಹುದಿತ್ತು. ಅಂಥದ್ದೊಂದು ವಿಕೆಟ್ ಜನ್ಮವಿಡೀ ಹೇಳಿಕೊಳ್ಳಲು ಸಾಕು.

ಹೊರಗಿನಿಂದ ಬಂದ ಆಟ ಊರಿನದೇ ಆಗಿಬಿಡುವುದಕ್ಕೆ ಜಪಾನಿನ ಬೇಸ್‌ಬಾಲ್ ಒಳ್ಳೆಯ ಜೋಡಿ. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಮೇಷ್ಟ್ರು ಟೋಕಿಯೊದ ಹುಡುಗರಿಗೆ ಕಲಿಸಿದ ಆಟ ಅದು. 1936ರಲ್ಲಿ ವೃತ್ತಿಪರ ಲೀಗ್ ಶುರುವಾಯಿತು. ತಂಡಗಳ ಹೆಸರಲ್ಲಿ ಊರಿಗಿಂತ ಮುಂದೆ ಕಂಪನಿ: ಯೊಮಿಯುರಿ ಪತ್ರಿಕೆ, ಹನ್‌ಶಿನ್ ರೈಲ್ವೆ. ಹೈಸ್ಕೂಲು ಹುಡುಗರ ಬೇಸಿಗೆ ಟೂರ್ನಿಯಲ್ಲಿ ಸೋತವರು ಕೊಶಿಯೆನ್ ಮೈದಾನದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ಕಾಂಗಾದಲ್ಲಿ ಆ ಕಷ್ಟವಿಲ್ಲ, ಮಣ್ಣು ಪ್ಯಾಂಟಿಗೆ ಅಂಟಿಕೊಂಡೇ ಮನೆಗೆ ಬರುತ್ತದೆ.

ಮುಂಬೈಯ ಉಪನಗರಗಳೂ ಕಾಂಗಾ ಲೀಗಿನಲ್ಲಿ ಗಟ್ಟಿಯಾಗಿವೆ. ಕಾಂದಿವಲಿಯ ಪಯ್ಯಡೆ ಸ್ಪೋರ್ಟ್ಸ್ ಕ್ಲಬ್ಬಿನ ಹೆಸರು ಕೇಳಿದರೆ ಕರಾವಳಿಯವರ ಕಿವಿ ನಿಮಿರುತ್ತದೆ. ಅದನ್ನು ಬೆಳೆಸಿದವರು ಡಾ. ಪಿ.ವಿ. ಶೆಟ್ಟಿ.

ಈಗ ದೊಡ್ಡ ಆಟಗಾರರು ಕಾಂಗಾಕ್ಕೆ ಸಿಗುವುದು ಅಪರೂಪ, ವರ್ಷವಿಡೀ ಎಲ್ಲೋ ಒಂದು ಸರಣಿ ಇದ್ದೇ ಇರುತ್ತದೆ. ಮೆಟ್ರೊ-3ರ ಕಾಮಗಾರಿ ಆಜಾದ್ ಮೈದಾನದ ಒಂದು ಪಾಲನ್ನು ವರ್ಷಗಟ್ಟಲೆ ನುಂಗಿತ್ತು. ಆದರೂ ಟೆಂಟುಗಳು ಏಳುತ್ತವೆ, ಮಾಲಿ ಸ್ಟಂಪು ನೆಡುತ್ತಾನೆ. ನೋಡಬೇಕೆನ್ನಿಸಿದರೆ ಆಗಸ್ಟ್‌ನ ಭಾನುವಾರ ಛತ್ರಿ ಹಿಡಿದು ಚರ್ಚ್‌ಗೇಟ್‌ನಲ್ಲಿ ಇಳಿಯಿರಿ. ಓವಲ್, ಕ್ರಾಸ್, ಆಜಾದ್ ಮೂರೂ ಮೈದಾನ ನಡಿಗೆಯ ದೂರ, ಟಿಕೆಟ್ಟಿಲ್ಲ. ಟೆಂಟಿನಲ್ಲಿ ಕಟಿಂಗ್ ಚಹಾ ಕುಡಿಯುತ್ತ ಕೂತವರನ್ನು ಸ್ಕೋರ್ ಎಷ್ಟು ಅಂತ ಕೇಳಿ. ಯಾವ ಮ್ಯಾಚಿಂದು ಅಂತ ಅವರೇ ತಿರುಗಿ ಕೇಳುತ್ತಾರೆ.