ಹದಿಮೂರು ವರ್ಷಕ್ಕೂ ಅದೇ, ಮೂರು ವರ್ಷಕ್ಕೂ ಅದೇ

ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದವನಿಗೂ ಹದಿಮೂರು ವರ್ಷ ಮಾಡಿದವನಿಗೂ ಸರದಿ ತೀರ್ಮಾನಿಸುವಾಗ ಆ ಅನುಭವಕ್ಕೆಂದು ಕೆನಡಾ ಕೊಡುವ ಅಂಕ ಒಂದೇ. ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕಿಗೆ, ಅರ್ಜಿ ಹಾಕಲು ಕೂತ ಎಷ್ಟೋ ಜನರಿಗೆ ಇದು ಗೊತ್ತಾಗುವುದು ತೀರ ತಡವಾಗಿ. ‘ಇನ್ನೆರಡು ವರ್ಷ ಅನುಭವ ಆಗಲಿ, ಆಮೇಲೆ ನೋಡೋಣ’ ಎಂದು ಮನೆಯಲ್ಲಿ ಹೇಳುತ್ತಾರೆ. ಟೀಮ್ ಲೀಡ್ ಆಗಲಿ, ಮ್ಯಾನೇಜರ್ ಆಗಲಿ ಎಂದು ತಾವೂ ಕಾಯುತ್ತಾರೆ. ಅಷ್ಟರಲ್ಲಿ ವಯಸ್ಸು ಅಂಕ ತಿನ್ನತೊಡಗಿರುತ್ತದೆ. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರವರೆಗೆ ವಯಸ್ಸಿಗೆಂದೇ 110 ಅಂಕ. 35ಕ್ಕೆ ಅದು 77, 39ಕ್ಕೆ 55, 45ಕ್ಕೆ ಸೊನ್ನೆ.

1950ರ ದಶಕದಲ್ಲಿ ಭಾರತದಿಂದ ವರ್ಷಕ್ಕೆ 150 ಜನ, ಆಮೇಲೆ 300 ಜನ ಎಂದು ಕೋಟಾ ಇಟ್ಟಿದ್ದ ದೇಶ ಅದು. ಯಾವ ಜನಾಂಗ ಎಂದು ಕೇಳುವುದನ್ನು ಬಿಟ್ಟು ಓದು, ಭಾಷೆ, ಕಸುಬಿಗೆ ಅಂಕ ಎಣಿಸಲು ಶುರುಮಾಡಿದ್ದು 1967ರಲ್ಲಿ. ಈಗಿರುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅರ್ಜಿ ಪದ್ಧತಿ 2015ರ ಜನವರಿಯದ್ದು. ಹೊರದೇಶದಲ್ಲಿ ದುಡಿದವರಿಗೆ ಇದರಲ್ಲಿರುವ ದಾರಿಯ ಹೆಸರು ಫೆಡರಲ್ ಸ್ಕಿಲ್ಡ್ ವರ್ಕರ್. ಕಳೆದ ಹತ್ತು ವರ್ಷದೊಳಗೆ ಕನಿಷ್ಠ ಒಂದು ವರ್ಷ, ಎಡೆಬಿಡದೆ, ವಾರಕ್ಕೆ 30 ಗಂಟೆಯಂತೆ ಸಂಬಳದ ಕುಶಲ ಕೆಲಸ ಮಾಡಿರಬೇಕು. ನೂರಕ್ಕೆ 67 ಅಂಕ ಬರಬೇಕು. ಇಷ್ಟಾದರೆ ಸಾಲಿನಲ್ಲಿ ನಿಲ್ಲಬಹುದು, ಅಷ್ಟೇ. ಸಾಲಿನಲ್ಲಿ ಯಾರು ಮುಂದೆ ಎಂದು ತೀರ್ಮಾನಿಸುವುದು 1200 ಅಂಕಗಳ ಇನ್ನೊಂದು ಲೆಕ್ಕ, ಸಿಆರ್‌ಎಸ್. ಅಲ್ಲಿ ಹೊರಗಿನ ಅನುಭವಕ್ಕೆ ತನ್ನದೇ ಆದ ಅಂಕವಿಲ್ಲ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಕೈಹಿಡಿದರೆ 50ರವರೆಗೆ ಸಿಗುತ್ತದೆ, ಅದೂ ಮೂರು ವರ್ಷಕ್ಕೇ ನಿಂತುಹೋಗುತ್ತದೆ. ಅದೇ ಕೆನಡಾದ ನೆಲದಲ್ಲಿ ಒಂದು ವರ್ಷ ದುಡಿದರೆ ನೇರವಾಗಿ 40.

ಆ 50 ಪೂರ್ತಿ ಸಿಗಬೇಕಾದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಲಿಸನಿಂಗ್‌ಗೆ 8, ಉಳಿದ ಮೂರಕ್ಕೂ 7 ಬರಬೇಕು. ಸಾಮಾನ್ಯವಾಗಿ ಕೈಕೊಡುವುದು ರೈಟಿಂಗ್, 6.5ಕ್ಕೆ ಬಂದು ನಿಲ್ಲುತ್ತದೆ. ಎಂ.ಟೆಕ್. ಓದಿ ಮೂರು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರಿಗೆ ಆ ಅರ್ಧ ಬ್ಯಾಂಡ್‌ನಿಂದ ಅನುಭವದಲ್ಲಿ 25, ಓದಿನಲ್ಲಿ 25, ಭಾಷೆಯಲ್ಲೇ 8, ಒಟ್ಟು 58 ಅಂಕ ಹೋಗುತ್ತದೆ. 29ರಿಂದ 39ಕ್ಕೆ ಹತ್ತು ವರ್ಷ ವಯಸ್ಸಾದರೂ ಹೋಗುವುದು 55. ದಶಕದ ಅನುಭವವನ್ನು ನಲವತ್ತು ನಿಮಿಷದ ಒಂದು ಪ್ರಬಂಧದ ಕೈಗೆ ಕೊಟ್ಟಿರುವ ಈ ವ್ಯವಸ್ಥೆಯನ್ನು ವೈಜ್ಞಾನಿಕ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು, ಕುಶಲ ಕೆಲಸ ಎಂದರೆ ಯಾವುದು? ಕೆನಡಾ ಎಲ್ಲ ಕಸುಬುಗಳಿಗೂ ಐದಂಕಿಯ ಕೋಡ್ ಕೊಟ್ಟು 0ಯಿಂದ 5ರವರೆಗೆ ದರ್ಜೆ ಹಚ್ಚಿದೆ. 0ಯಿಂದ 3ರವರೆಗಿನದು ಮಾತ್ರ ಲೆಕ್ಕಕ್ಕೆ. ಸಾಫ್ಟ್‌ವೇರ್ ಎಂಜಿನಿಯರ್ 1ನೇ ದರ್ಜೆ. ಅಡುಗೆಯವರು 3ನೇ ದರ್ಜೆ, ಅವರೂ ಕುಶಲಕರ್ಮಿಗಳೇ. ಅಡುಗೆಮನೆಯ ಸಹಾಯಕರು 5, ಅವರಲ್ಲ. ಲಾರಿ ಚಾಲಕರನ್ನು 2022ರ ನವೆಂಬರ್‌ನಲ್ಲಿ ಹೊಸ ಪಟ್ಟಿ ಜಾರಿಗೆ ಬಂದಾಗ ಒಳಗೆ ಸೇರಿಸಿಕೊಂಡರು. ಕಾಗದದ ಮೇಲೆ ಉಡುಪಿ ಹೋಟೆಲಿನ ಭಟ್ಟರಿಗೂ ದಾರಿ ಇದೆ ಎಂದಾಯಿತು. ಆದರೆ ಸಂಬಳ ಕೈಗೇ ನಗದು, ಪೇಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಇಪ್ಪತ್ತು ವರ್ಷ ಸಾಂಬಾರಿನ ಹದ ಕಾಯ್ದ ಕೈಯನ್ನು ಸಾಬೀತು ಮಾಡಲು ಒಂದು ಚೀಟಿಯೂ ಇರುವುದಿಲ್ಲ.

ಕಂಪನಿ ಕೆಲಸದವರೂ ನಿರಾಳರಲ್ಲ. ವಲಸೆ ಅಧಿಕಾರಿಗೆ ಬೇಕಾದ ಪತ್ರ ಲೆಟರ್‌ಹೆಡ್‌ನಲ್ಲಿರಬೇಕು. ಹುದ್ದೆ, ಸೇರಿದ ದಿನ, ಬಿಟ್ಟ ದಿನ, ವಾರದ ಗಂಟೆ, ಸಂಬಳ, ಎಲ್ಲಕ್ಕಿಂತ ಮುಖ್ಯವಾಗಿ ಮಾಡುತ್ತಿದ್ದ ಕೆಲಸಗಳ ವಿವರ ಇರಬೇಕು. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಹೆಸರು, ಎರಡು ತಾರೀಖು, ಕೊನೆಗೊಂದು ಶುಭ ಹಾರೈಕೆ. ‘ಡ್ಯೂಟೀಸ್ ಎಲ್ಲ ಬರೆದುಕೊಡೋಕೆ ಆಗಲ್ಲ ಸರ್, ನಮ್ಮಲ್ಲಿ ಇದೇ ಫಾರ್ಮ್ಯಾಟ್’ ಎಂದು ಎಚ್‌ಆರ್‌ನವರು ಕೈಚೆಲ್ಲುತ್ತಾರೆ. ಕೆಲವು ಕಂಪನಿಗಳಂತೂ ಅಷ್ಟರಲ್ಲಿ ಮುಚ್ಚಿಯೇ ಹೋಗಿರುತ್ತವೆ. ಆಗ ಹಳೆಯ ಮ್ಯಾನೇಜರನ್ನು ಹುಡುಕಿ, ‘ಇವರು ನನ್ನ ಕೈಕೆಳಗೆ ಇಂತಿಂಥ ಕೆಲಸ ಮಾಡುತ್ತಿದ್ದರು’ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿ, ಜೊತೆಗೆ ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ ಜೋಡಿಸುತ್ತಾರೆ. ಅರ್ಜಿಗೆ ಆಹ್ವಾನ ಬಂದಮೇಲೆ ಇದಕ್ಕೆಲ್ಲ ಇರುವ ಗಡುವು 60 ದಿನ. ಹಾಗಾಗಿ ಕೆಲಸ ಬಿಡುವ ದಿನವೇ, ಮ್ಯಾನೇಜರ್ ಇನ್ನೂ ಪಕ್ಕದ ಕುರ್ಚಿಯಲ್ಲಿರುವಾಗಲೇ, ಪತ್ರ ಬರೆಸಿಕೊಳ್ಳುವವರು ಜಾಣರು.

ಏಜೆಂಟರು ಇಲ್ಲೊಂದು ಒಳದಾರಿ ತೋರಿಸುತ್ತಾರೆ: ಕೋಡ್‌ನ ಕೆಳಗೆ ಸರ್ಕಾರವೇ ಬರೆದಿರುವ ವಿವರಣೆಯನ್ನು ಅಕ್ಷರಶಃ ಇಳಿಸಿ ಸಹಿ ಹಾಕಿಸುವುದು. ಆ ವಾಕ್ಯಗಳನ್ನು ದಿನವೂ ಓದುವ ಅಧಿಕಾರಿಗೆ ಅನುಮಾನ ಬರಲು ಅಷ್ಟೇ ಸಾಕು. ಸುಳ್ಳು ಎಂದು ತೀರ್ಮಾನವಾದರೆ ಐದು ವರ್ಷ ಕೆನಡಾ ಬಾಗಿಲು ಬಂದ್.

ಹಾಗಾದರೆ ಅಲ್ಲಿಗೇ ಹೋಗಿ ಅನುಭವ ಗಳಿಸೋಣ ಎಂದು ಹೊರಡುವವರೇ ಹೆಚ್ಚು. ಅದಕ್ಕೆಂದೇ 2008ರಿಂದ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಇದೆ. ಮೂರು ವರ್ಷದೊಳಗೆ ಒಂದು ವರ್ಷದ, ಅಂದರೆ 1,560 ಗಂಟೆಗಳ, ಕುಶಲ ಕೆಲಸ ಸಾಕು. ಅಲ್ಲಿರುವುದಕ್ಕೆ ಎಷ್ಟು ಬೆಲೆ ಎಂದರೆ, ಕೋವಿಡ್‌ನಿಂದ ಗಡಿ ಮುಚ್ಚಿದ್ದ 2021ರ ಫೆಬ್ರುವರಿ 13ರಂದು ಈ ದಾರಿಯವರಿಗೆ ಕಟ್‌ಆಫ್ 75ಕ್ಕೆ ಇಳಿದು, ಒಂದೇ ದಿನ 27,332 ಜನರಿಗೆ ಆಹ್ವಾನ ಹೋಯಿತು. ಈಗ ಆ ಕಾಲವಿಲ್ಲ. 2025ರಲ್ಲಿ ಇದೇ ದಾರಿಯ ಕಟ್‌ಆಫ್ 500ಕ್ಕಿಂತ ಕೆಳಗೆ ಬರಲೇ ಇಲ್ಲ. ಪೂರ್ಣಾವಧಿ ಓದುವಾಗ ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಓದು ಮುಗಿಸಿ ಬ್ರಾಂಪ್ಟನ್ನಿನ ಕಾಫಿ ಅಂಗಡಿಯ ಕೌಂಟರಿನಲ್ಲಿ ನಿಂತರೆ ಅದು 5ನೇ ದರ್ಜೆ. ಅದೇ ಕೌಂಟರಿನಲ್ಲಿ ಸೂಪರ್‌ವೈಸರ್ ಆದರೆ 2ನೇ ದರ್ಜೆ. ಆ ಒಂದು ಪದವಿಗಾಗಿ, ನೌಕರಿಯ ಕಾಗದಕ್ಕಾಗಿ ಸಾವಿರಾರು ಡಾಲರ್ ಕೈಬದಲಾಗುತ್ತಿತ್ತು. ಇದನ್ನು ತಡೆಯಲೆಂದೇ 2025ರ ಮಾರ್ಚ್ 25ರಿಂದ ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ ಸಿಆರ್‌ಎಸ್ ಅಂಕವನ್ನೇ ತೆಗೆದರು.

ಅನುಭವದಿಂದ ಬಾರದ ಅಂಕ ಫ್ರೆಂಚ್‌ನಿಂದ ಬರುತ್ತದೆ. 2025ರ ಮಾರ್ಚ್‌ನಲ್ಲಿ ಫ್ರೆಂಚ್ ಬಲ್ಲವರ ಒಂದು ಸುತ್ತಿನ ಕಟ್‌ಆಫ್ ಬರೀ 379. ಬೆಂಗಳೂರಿನಲ್ಲಿ ಜಾವಾ ಬರೆದು ತಲೆ ನರೆತವರು ಫ್ರೆಂಚ್ ಕ್ರಿಯಾಪದ ಬಾಯಿಪಾಠ ಮಾಡಲು ಹೊರಟಿರುವುದು ಇದಕ್ಕೇ.

ಇಷ್ಟೆಲ್ಲ ದಾಟಿ ಟೊರಾಂಟೊದಲ್ಲಿ ಇಳಿದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ನಿಮಗೆ ಕೆನಡಾದ ಅನುಭವ ಇದೆಯೇ?’ ಯಾವ ಅನುಭವ ನೋಡಿ ದೇಶ ಒಳಗೆ ಬಿಟ್ಟಿತೋ ಅದನ್ನೇ ಕಂಪನಿಗಳು ಪಕ್ಕಕ್ಕಿಡುತ್ತವೆ. ಒಂಟಾರಿಯೊ ಪ್ರಾಂತ್ಯ 2026ರ ಜನವರಿ 1ರಿಂದ ಈ ಷರತ್ತನ್ನು ನಿಷೇಧಿಸಿದೆ; 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಇನ್ನು ಅದನ್ನು ಬರೆಯುವಂತಿಲ್ಲ. ನಿಷೇಧ ಇರುವುದು ಉದ್ಯೋಗದ ಜಾಹೀರಾತಿಗೆ ಮತ್ತು ಅರ್ಜಿ ನಮೂನೆಗೆ. ಸಂದರ್ಶನದ ಮಾತು ಅದರಲ್ಲಿ ಬಂದಿಲ್ಲ.