ಹಲ್ಲು ಬಿಚ್ಚಿಟ್ಟ ವಲಸೆಯ ಕಥೆ

ನಾಲಿಗೆಯಿಂದ ನಿಮ್ಮ ದವಡೆಹಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಮೊದಲು ಹುಟ್ಟುವ ಶಾಶ್ವತ ದವಡೆಹಲ್ಲಿನ ಎನಾಮಲ್, ನಿಮಗೆ ಮೂರು-ನಾಲ್ಕು ವರ್ಷವಾಗುವಷ್ಟರಲ್ಲಿ ವಸಡಿನೊಳಗೇ ತಯಾರಾಗಿತ್ತು. ಆಮೇಲೆ ಅದು ಬೆಳೆಯುವುದೂ ಇಲ್ಲ, ಬದಲಾಗುವುದೂ ಇಲ್ಲ. ಆಗ ಉಂಡ ಅನ್ನ, ಕುಡಿದ ನೀರು ಯಾವ ಸೀಮೆಯದು ಅನ್ನೋದರ ಗುರುತು ಅದರಲ್ಲೇ ಉಳಿದುಬಿಡುತ್ತೆ.

ಈ ಗುರುತು ಇತಿಹಾಸದ ಒಂದು ಹಳೆಯ ಜಗಳಕ್ಕೆ ಸಾಕ್ಷಿ ಹೇಳಿದೆ. ಸುಮಾರು 410ರಲ್ಲಿ ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಮುಗಿಯಿತು. ಅದಾದ ಮೇಲೆ ಇಂದಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಸ್ಯಾಕ್ಸನ್ನರು, ಆಂಗಲ್ಲರು, ಜೂಟರು ಕಡಲು ದಾಟಿ ಬಂದು ನೆಲೆಸಿದರು. ನೀವು ಶಾಲೆಯಲ್ಲಿ ಕಲಿಯುವ ಇಂಗ್ಲಿಷಿಗೆ ಬೇರು ಇವರ ಮಾತೇ. ಆದರೆ ಬಂದವರು ಎಷ್ಟು ಜನ? ಗಿಲ್ಡಾಸ್ ಎಂಬ ಸನ್ಯಾಸಿ ಮೊದಲು ಮೂರು ಹಡಗು ಬಂದವು, ಆಮೇಲೆ ಊರೂರೇ ಸುಟ್ಟುಹೋಯಿತು ಎಂದು ಬರೆದ. ಸ್ಥಳೀಯರನ್ನೆಲ್ಲ ಓಡಿಸಿಬಿಟ್ಟರು ಎಂದು ಕೆಲವು ಇತಿಹಾಸಕಾರರು ನಂಬಿದರು. ಇಲ್ಲ, ಬಂದದ್ದು ಬೆರಳೆಣಿಕೆಯ ನಾಯಕರು, ಉಳಿದವರು ಅವರ ಭಾಷೆ-ವೇಷ ಕಲಿತರು ಅಷ್ಟೇ ಎಂದರು ಇನ್ನು ಕೆಲವರು.

ಇಲ್ಲಿ ಹಲ್ಲು ಕೆಲಸಕ್ಕೆ ಬರುತ್ತೆ. ಬಂಡೆಯಲ್ಲಿರುವ ಸ್ಟ್ರಾನ್ಷಿಯಂ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ಹಲ್ಲಿಗೆ ಸೇರುತ್ತದೆ. ಬಂಡೆ ಬೇರೆಯಾದರೆ ಸ್ಟ್ರಾನ್ಷಿಯಂ-87 ಮತ್ತು 86ರ ಪ್ರಮಾಣವೂ ಬೇರೆ. ಗೋರಿ ಒಂದು ಕಡೆ, ಹಲ್ಲಿನ ಲೆಕ್ಕ ಇನ್ನೊಂದು ಕಡೆಯದಾದರೆ ಆತ ವಲಸೆ ಬಂದವನು. ಆದರೆ ಒಂದು ತೊಡಕಿದೆ, ಗಮನಿಸಿದಿರಾ? ವಲಸೆ ಬಂದ ತಾಯಿಗೆ ಇಲ್ಲೇ ಹುಟ್ಟಿದ ಮಗುವಿನ ಹಲ್ಲು ಇಲ್ಲಿನದೇ ಆಗಿರುತ್ತೆ! ವಂಶ ತಿಳಿಯಲು ಡಿಎನ್‌ಎಯೇ ಬೇಕು.

2022ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾಯವ್ಯ ಯುರೋಪಿನ 460 ಜನರ ಹಳೆಯ ಡಿಎನ್‌ಎ ಪರೀಕ್ಷಿಸಿತು. ಅವರಲ್ಲಿ 278 ಮಂದಿ ಇಂಗ್ಲೆಂಡಿನಲ್ಲಿ ಸಿಕ್ಕವರು. ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿ ಆ ಕಾಲದವರ ವಂಶಮೂಲದ ಸರಾಸರಿ ನೂರಕ್ಕೆ 76 ಪಾಲು ಕಡಲಾಚೆಯದು! ಬೆರಳೆಣಿಕೆಯ ನಾಯಕರ ಮಾತು ಇಲ್ಲಿಗೆ ಬಿತ್ತು. ಬಂದದ್ದು ಗಂಡಸರಷ್ಟೇ ಅಲ್ಲ, ಹೆಂಗಸರೂ ಬಂದಿದ್ದರು.

ಹಾಗಂತ ಗಿಲ್ಡಾಸ್ ಹೇಳಿದ್ದೇ ಪೂರ್ತಿ ಸರಿಯೂ ಅಲ್ಲ. ಆಯುಧದ ಜೊತೆ ಹೂಳಿದ ಗಂಡಸರನ್ನೆಲ್ಲ ಸ್ಯಾಕ್ಸನ್ ಯೋಧರು ಅಂದುಕೊಂಡಿದ್ದರಲ್ಲ, ಅವರಲ್ಲಿ ಸ್ಥಳೀಯ ವಂಶದವರೂ ಇದ್ದರು. ಡೋವರ್ ಬಳಿಯ ಬಕ್‌ಲ್ಯಾಂಡ್ ಸ್ಮಶಾನದಲ್ಲಿ ಒಂದು ಕುಟುಂಬವಿದೆ. ಮೊದಮೊದಲು ಅವರೆಲ್ಲ ಕಡಲಾಚೆಯ ವಂಶದವರೇ. ಆಮೇಲೆ ಸ್ಥಳೀಯ ಹೆಣ್ಣೊಬ್ಬಳು ಆ ಮನೆ ಸೇರಿದಳು. ಅವಳ ಕಡೆಯವರನ್ನೂ ಇವರ ಕಡೆಯವರನ್ನೂ ಬ್ರೂಚು, ಮಣಿಗಳ ಜೊತೆಗೇ ಹೂಳಿದ್ದಾರೆ.